ಅಡುಗೆಮನೆಗೆ ಬಾರದ ಅಯಸ್ಕಾಂತದ ಫ್ರಿಜ್

ಕಂಪ್ರೆಸರ್ ಇಲ್ಲ, ಗ್ಯಾಸ್ ಇಲ್ಲ, ಗುಂಯ್ ಎನ್ನುವ ಸದ್ದಿಲ್ಲ. ಒಂದು ಅಯಸ್ಕಾಂತ, ಅದರ ಸಂದಿನಲ್ಲಿ ತಿರುಗುವ ಲೋಹದ ಚಕ್ರ, ಒಂದಿಷ್ಟು ನೀರು ಇದ್ದರೆ ಸಾಕು, ನಾಳೆಯ ಫ್ರಿಜ್ ತಯಾರು. ಈ ಸುದ್ದಿ ಪತ್ರಿಕೆಗಳ ವಿಜ್ಞಾನ ಪುಟಗಳಲ್ಲಿ ಎರಡು-ಮೂರು ವರ್ಷಕ್ಕೊಮ್ಮೆ ಹೊಸದಾಗಿ ಹುಟ್ಟುತ್ತಲೇ ಇರುತ್ತದೆ. ಕಥೆಯ ಕಟ್ಟು ಮಾತ್ರ ಬದಲಾಗುವುದಿಲ್ಲ. ಯಾವುದೋ ಪ್ರಯೋಗಾಲಯದಲ್ಲಿ ಹೊಸ ಮಿಶ್ರಲೋಹ ಸಿಕ್ಕಿದೆ, ಅದರ ಕಾಂತ-ಉಷ್ಣ ಪರಿಣಾಮ ಹಳೆಯದರ ಇಷ್ಟು ಪಟ್ಟು, ಇನ್ನು ಮಾರುಕಟ್ಟೆಗೆ ಬರುವುದೊಂದೇ ಬಾಕಿ. ಪತ್ರಕರ್ತರನ್ನು ದೂರಿ ಪ್ರಯೋಜನವಿಲ್ಲ. ವಿರಳ ಭಸ್ಮ ಧಾತುಗಳ ಮಿಶ್ರಲೋಹಗಳ ಕುರಿತ ಸಂಶೋಧನಾ ಪ್ರಬಂಧಗಳೇ ಮೊದಲ ಪ್ಯಾರಾದಲ್ಲಿ ಇದೇ ಪಲ್ಲವಿ ಹಾಡುತ್ತವೆ.

ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಈ ಲೋಹಗಳು ನಿಷ್ಪ್ರಯೋಜಕ ಎಂದು ಹೇಳುತ್ತಿಲ್ಲ. ಅವುಗಳ ಬೆಲೆಯೇನೆಂದು ಕೊನೆಗೆ ಹೇಳುತ್ತೇನೆ. ತಕರಾರು ಇರುವುದು ಅಳೆಯುವ ಬಗೆಯ ಮೇಲೆ. ಮಿಶ್ರಲೋಹದ ಯೋಗ್ಯತೆಯನ್ನು ಒಂದೇ ಒಂದು ಅಂಕಿಯಿಂದ ನಿರ್ಧರಿಸುತ್ತಿದ್ದೇವೆ. ಅದನ್ನು ದುಡಿಸಲು ಆರಿಸಿಕೊಂಡ ಜಾಗವೋ, ಅದು ಅತ್ಯಂತ ದುರ್ಬಲವಾಗಿರುವ ಜಾಗ.

ಮೊದಲು ವಿಷಯ ಏನೆಂದು ನೋಡೋಣ. ಗ್ಯಾಡೊಲಿನಿಯಂ ಒಂದು ವಿರಳ ಭಸ್ಮ ಲೋಹ, ಪರಮಾಣು ಸಂಖ್ಯೆ 64. ಇದರ ಪರಮಾಣುವಿನ ಒಳಕವಚದಲ್ಲಿ ಜೋಡಿಯಿಲ್ಲದ ಏಳು ಎಲೆಕ್ಟ್ರಾನ್‌ಗಳಿವೆ, ಏಳೂ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಹಾಗಾಗಿ ಪ್ರತಿ ಪರಮಾಣುವೂ ಒಂದು ಗಟ್ಟಿ ಪುಟ್ಟ ಅಯಸ್ಕಾಂತ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇವೆಲ್ಲ ಒಟ್ಟಾಗಿ ಸಾಲುಗಟ್ಟುತ್ತವೆ, ಅದರ ಮೇಲೆ ಚದುರಿಹೋಗುತ್ತವೆ. ಈ ಗಡಿಗೆ ಕ್ಯೂರಿ ತಾಪಮಾನ ಎನ್ನುತ್ತಾರೆ. ಗಡಿಯ ಹತ್ತಿರ ಲೋಹವನ್ನು ಕಾಂತಕ್ಷೇತ್ರದೊಳಗೆ ತಳ್ಳಿದರೆ ಚದುರಿದ್ದ ಪುಟ್ಟ ಅಯಸ್ಕಾಂತಗಳು ಸಾಲಿಗೆ ಬರುತ್ತವೆ. ಅಲ್ಲಿ ಕಳೆದುಹೋದ ಅಸ್ತವ್ಯಸ್ತತೆ, ಅಂದರೆ ಎಂಟ್ರೊಪಿ, ಪರಮಾಣುಗಳ ಕಂಪನಕ್ಕೆ ವರ್ಗವಾಗಿ ಲೋಹ ಬಿಸಿಯಾಗುತ್ತದೆ. ಆ ಬಿಸಿಯನ್ನು ನೀರಿಗೆ ಕೊಟ್ಟು ಲೋಹವನ್ನು ಕ್ಷೇತ್ರದಿಂದ ಹೊರಗೆಳೆದರೆ ಅದು ಮೊದಲಿಗಿಂತ ತಣ್ಣಗಾಗುತ್ತದೆ. ಇದೇ ಕಾಂತ-ಉಷ್ಣ ಪರಿಣಾಮ. ಇದನ್ನು ಮತ್ತೆ ಮತ್ತೆ ಮಾಡುವ ಯಂತ್ರವೇ ಕಾಂತ ಫ್ರಿಜ್.

ಒಳ್ಳೆಯ ಶಾಶ್ವತ ಅಯಸ್ಕಾಂತದಿಂದ ಸಿಗುವ ಕ್ಷೇತ್ರ 1 ಟೆಸ್ಲಾ, ಬಹಳವೆಂದರೆ 1.5. ಒಂದು ಟೆಸ್ಲಾದಲ್ಲಿ ಗ್ಯಾಡೊಲಿನಿಯಂ ಬಿಸಿಯಾಗುವುದು ಮೂರು ಡಿಗ್ರಿಯ ಒಳಗೆ. ಈ ಮೂರು ಡಿಗ್ರಿಯನ್ನು ಮೂವತ್ತು, ನಲವತ್ತು ಮಾಡುವ ಉಪಾಯ ಇಲ್ಲದಿಲ್ಲ. ಲೋಹದ ಹರಳುಗಳ ಹಾಸಿನೊಳಗೆ ನೀರನ್ನು ಹಿಂದಕ್ಕೂ ಮುಂದಕ್ಕೂ ಹರಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಶಾಖವನ್ನು ಮೆಟ್ಟಿಲು ಮೆಟ್ಟಿಲಾಗಿ ದಾಟಿಸುವುದು. ನಾಸಾದ ಜಿ.ವಿ. ಬ್ರೌನ್ 1976ರಲ್ಲಿ ಗ್ಯಾಡೊಲಿನಿಯಂ ಬಳಸಿ ಎರಡು ತುದಿಗಳ ನಡುವೆ 47 ಡಿಗ್ರಿ ಅಂತರ ತೋರಿಸಿದ. ಅವನು ಬಳಸಿದ ಕ್ಷೇತ್ರ 7 ಟೆಸ್ಲಾ. ಮನೆಯ ಫ್ರಿಜ್‌ಗೆ ಅಂಥ ಅಯಸ್ಕಾಂತ ಹಾಕುವ ಮಾತೇ ಇಲ್ಲ.

ಅಂದ ಹಾಗೆ, ಈ ಪರಿಣಾಮವನ್ನು ಎಮಿಲ್ ವಾರ್ಬುರ್ಗ್ 1881ರಲ್ಲಿ ಕಬ್ಬಿಣದಲ್ಲಿ ಕಂಡುಹಿಡಿದ ಎಂದು ನೂರಾರು ಪ್ರಬಂಧಗಳಲ್ಲಿ ಓದುತ್ತೀರಿ. ಡೆನ್ಮಾರ್ಕಿನ ಆಂಡರ್ಸ್ ಸ್ಮಿತ್ 2013ರಲ್ಲಿ ಮೂಲ ಪ್ರಬಂಧವನ್ನು ತೆಗೆದು ಓದಿದರು. ವಾರ್ಬುರ್ಗ್ ಹೇಳಿದ್ದು ಬೇರೆಯೇ ಸಂಗತಿ: ಕಬ್ಬಿಣವನ್ನು ಕಾಂತೀಕರಿಸಿ ಬಿಡಿಸುವಾಗ ವಾಪಸು ಬಾರದೆ ಶಾಖವಾಗಿ ಪೋಲಾಗುವ ಶಕ್ತಿ, ಅಂದರೆ ಹಿಸ್ಟರಿಸಿಸ್. ನಿಜವಾದ ಕಾಂತ-ಉಷ್ಣ ಪರಿಣಾಮವನ್ನು ನಿಕ್ಕಲ್‌ನಲ್ಲಿ ಅಳೆದವರು ಪಿಯೇರ್ ವೈಸ್ ಮತ್ತು ಆಗಸ್ಟ್ ಪಿಕಾರ್, 1917ರಲ್ಲಿ. ಬಲೂನಿನಲ್ಲಿ ಕೂತು ವಾಯುಮಂಡಲದ ಮೇಲಿನ ಪದರಕ್ಕೆ ಹಾರಿದನಲ್ಲ, ಅದೇ ಪಿಕಾರ್. ಒಬ್ಬ ಬರೆದದ್ದನ್ನು ಇನ್ನೊಬ್ಬ ಮೂಲ ನೋಡದೆ ಎತ್ತಿಕೊಳ್ಳುವ ಚಾಳಿ ಈ ಕ್ಷೇತ್ರಕ್ಕೆ ಹೊಸದಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಈಗ 1997ಕ್ಕೆ ಬರೋಣ. ಅಮೆರಿಕದ ಅಯೋವಾದ ಏಮ್ಸ್ ಪ್ರಯೋಗಾಲಯದ ವಿಟಾಲಿ ಪೆಖಾರ್ಸ್ಕಿ ಮತ್ತು ಕಾರ್ಲ್ ಗ್ಷ್ನೈಡ್ನರ್ ಗ್ಯಾಡೊಲಿನಿಯಂ, ಸಿಲಿಕಾನ್, ಜರ್ಮೇನಿಯಂ ಮೂರನ್ನೂ 5:2:2ರ ಪ್ರಮಾಣದಲ್ಲಿ ಸೇರಿಸಿ ಮಾಡಿದ ಮಿಶ್ರಲೋಹದ ಬಗ್ಗೆ ಪ್ರಕಟಿಸಿದರು. 5 ಟೆಸ್ಲಾ ಕ್ಷೇತ್ರದಲ್ಲಿ ಅದರ ಎಂಟ್ರೊಪಿ ಬದಲಾವಣೆ ಕೆಜಿಗೆ, ಕೆಲ್ವಿನ್‌ಗೆ 18 ಜೂಲ್ ಆಸುಪಾಸು. ಶುದ್ಧ ಗ್ಯಾಡೊಲಿನಿಯಂನದು ಸುಮಾರು 10. ಅದಕ್ಕೆ ‘ದೈತ್ಯ’ ಎಂಬ ಬಿರುದು ಅಂಟಿತು. ಆ ಕೆಲಸ ಮೇಲ್ಮಟ್ಟದ್ದು, ಅನುಮಾನ ಬೇಡ. ಸಾಮಾನ್ಯ ಲೋಹಗಳಲ್ಲಿ ಕಾಂತೀಯ ಕ್ರಮ ಮಾತ್ರ ಬದಲಾಗುತ್ತದೆ. ಇಲ್ಲಿ ಅದರ ಜೊತೆಗೆ ಸ್ಫಟಿಕದ ಕಟ್ಟೂ ಬದಲಾಗುತ್ತದೆ: ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರಿ, ಪದರಗಳ ನಡುವಿನ ಬಂಧಗಳು ಮುರಿದು ಮತ್ತೆ ಕೂಡುತ್ತವೆ. ಎರಡು ಬದಲಾವಣೆಗಳ ಎಂಟ್ರೊಪಿ ಒಟ್ಟಿಗೆ ಸಿಗುವುದರಿಂದಲೇ ಆ ದೊಡ್ಡ ಅಂಕಿ. ಹಾಗೆ ನೋಡಿದರೆ ಕಬ್ಬಿಣ-ರೋಡಿಯಂ ಮಿಶ್ರಲೋಹದಲ್ಲಿ ಇನ್ನೂ ಕಡಿಮೆ ಕ್ಷೇತ್ರಕ್ಕೆ ಅಷ್ಟೇ ಬೆರಗಿನ ಪರಿಣಾಮವನ್ನು ರಷ್ಯನ್ನರು 1990ರಲ್ಲೇ ವರದಿ ಮಾಡಿದ್ದರು. ಆದರೆ ಅದು ಆವರ್ತನದಿಂದ ಆವರ್ತನಕ್ಕೆ ಕುಗ್ಗುತ್ತದೆ, ರೋಡಿಯಂ ಬೆಲೆಯಂತೂ ಕೇಳುವುದೇ ಬೇಡ. ಹಾಗಾಗಿ ಅದರ ಸುತ್ತ ಇಂಥ ಗದ್ದಲ ಏಳಲಿಲ್ಲ.

ಪ್ರಬಂಧದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ‘ಆರ್ಕ್ ಕುಲುಮೆಯಲ್ಲಿ ಕರಗಿಸಲಾಯಿತು’ ಎಂಬ ಮಾತಿನ ಹಿಂದೆ ಏನಿದೆ ಎಂದು ಹತ್ತಿರದಿಂದ ನೋಡಬೇಕು. ಒಳಗೆ ನೀರು ಹರಿಯುವ ತಾಮ್ರದ ತಟ್ಟೆ, ಅದರಲ್ಲಿ ಬಟ್ಟಲಿನಂಥ ಕುಳಿಗಳು. ಮೇಲೆ ಟಂಗ್‌ಸ್ಟನ್ ಕಡ್ಡಿ. ಸುತ್ತ ಗಾಳಿ ತೆಗೆದು ತುಂಬಿದ ಆರ್ಗಾನ್. ಮೊದಲು ಪಕ್ಕದ ಕುಳಿಯಲ್ಲಿಟ್ಟ ಝಿರ್ಕೋನಿಯಂ ಅಥವಾ ಟೈಟಾನಿಯಂ ಉಂಡೆಯನ್ನು ಕರಗಿಸುತ್ತಾರೆ, ಒಳಗೆ ಉಳಿದ ಚೂರುಪಾರು ಆಮ್ಲಜನಕವನ್ನು ಅದು ನುಂಗಲಿ ಎಂದು. ಆಮೇಲೆ ತೂಗಿಟ್ಟ ಚೂರುಗಳ ಮೇಲೆ ವಿದ್ಯುತ್ ಚಾಪ (ಆರ್ಕ್) ಹಾಯಿಸಿದರೆ ಅವು ಕೂಡಿ ಹೊಳೆಯುವ ಗುಂಡಿಯಾಗುತ್ತವೆ. ಅದನ್ನು ಮಗುಚಿ ಮತ್ತೆ ಕರಗಿಸಬೇಕು. ಹೀಗೆ ಹಲವು ಸಲ, ಒಳಗೆಲ್ಲ ಒಂದೇ ಹದ ಬರುವ ತನಕ. ಕೈಗೆ ಬರುವುದು ಕೆಲವು ಗ್ರಾಂ ತೂಕದ, ಪೆಟ್ಟು ಬಿದ್ದರೆ ಗಾಜಿನಂತೆ ಸಿಡಿಯುವ ಗುಂಡಿ. ಇದರಲ್ಲಿ ದೈತ್ಯ ಪರಿಣಾಮ ಕಾಣಬೇಕಾದರೆ ಬಳಸಿದ ಗ್ಯಾಡೊಲಿನಿಯಂ ಅತ್ಯಂತ ಶುದ್ಧವಾಗಿರಬೇಕು. ಏಮ್ಸ್‌ನವರಿಗೆ ಅಂಥ ಲೋಹ ಸ್ವಂತ ಅಡುಗೆಯಲ್ಲೇ ಸಿಗುತ್ತಿತ್ತು. ಮಾರುಕಟ್ಟೆಯ ಗ್ಯಾಡೊಲಿನಿಯಂನಲ್ಲಿ ಇಂಗಾಲ, ಆಮ್ಲಜನಕದಂಥ ಬೆರಕೆ ಇರುತ್ತದೆ. ಅದರಿಂದ ಮಾಡಿದಾಗ ದೈತ್ಯ ಕುಬ್ಜನಾಗುತ್ತಾನೆ.

ಅದು ಉತ್ಪಾದನೆಯ ಕಷ್ಟ, ಎಂದಾದರೂ ಬಗೆಹರಿದೀತು. ಇನ್ನೊಂದು ಕಷ್ಟ ಪರಿಣಾಮದ ಹುಟ್ಟಿನಲ್ಲೇ ಇದೆ. ಸ್ಫಟಿಕದ ಕಟ್ಟು ಬದಲಾಗುವ ಲೋಹಕ್ಕೆ ಹೋದ ದಾರಿಯಲ್ಲೇ ವಾಪಸು ಬರುವುದು ಗೊತ್ತಿಲ್ಲ. ಕ್ಷೇತ್ರ ಏರಿಸುವಾಗ ಒಂದು ಬಿಂದುವಿನಲ್ಲಿ ಬದಲಾಗುತ್ತದೆ, ಇಳಿಸುವಾಗ ಬೇರೊಂದರಲ್ಲಿ. ನಡುವಿನ ವ್ಯತ್ಯಾಸ ಪ್ರತಿ ಸುತ್ತಿನಲ್ಲೂ ಶಾಖವಾಗಿ ಲೋಹದೊಳಗೇ ಸುರಿಯುತ್ತದೆ. ತಣ್ಣಗೆ ಮಾಡಬೇಕಾದ ಯಂತ್ರ ತನ್ನನ್ನು ತಾನೇ ಬಿಸಿ ಮಾಡಿಕೊಳ್ಳುತ್ತದೆ. 1999ರಲ್ಲಿ ಇದೇ ಮಿಶ್ರಲೋಹದ ತಾಪಮಾನ ಏರಿಕೆಯನ್ನು ನೇರವಾಗಿ ಅಳೆದವರಿಗೆ ಲೆಕ್ಕ ಹೇಳಿದ್ದಕ್ಕಿಂತ ಬಹಳ ಕಡಿಮೆ ಸಿಕ್ಕಿತು. ಬದಲಾವಣೆ ಪೂರ್ಣವಾಗಲು ಸಮಯ ಬೇಕು, ಅವಸರದಲ್ಲಿ ಅಳೆದರೆ ಹೀಗೇ ಆಗುತ್ತದೆ ಎಂಬ ಸಮಜಾಯಿಷಿ ಬಂತು. ಇರಲಿ. ಆದರೆ ಸೆಕೆಂಡಿಗೆ ಒಂದೆರಡು ಸುತ್ತು ತಿರುಗಬೇಕಾದ ಯಂತ್ರದೊಳಗೆ ನಿಧಾನವಾಗಿ ಬದಲಾಗುವ ಲೋಹವನ್ನಿಟ್ಟು ಏನು ಮಾಡುವುದು? 2004ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಪ್ರೊವೆಂಜಾನೊ ಮತ್ತು ಜೊತೆಗಾರರು ಸ್ವಲ್ಪ ಕಬ್ಬಿಣ ಬೆರೆಸಿ ಹಿಸ್ಟರಿಸಿಸ್ ನಷ್ಟವನ್ನು ಶೇ 90ಕ್ಕೂ ಹೆಚ್ಚು ಇಳಿಸಿದರು. ಜೊತೆಗೆ, ತಾಪಮಾನದ ಎದುರು ಎಳೆದ ಎಂಟ್ರೊಪಿ ಬದಲಾವಣೆಯ ರೇಖೆಯ ಶಿಖರದ ಎತ್ತರವೂ ಇಳಿಯಿತು. ಅಂದರೆ ಬಳಸಲು ಯೋಗ್ಯವಾಗುತ್ತಾ ಹೋದಂತೆ ‘ದೈತ್ಯ’ತನ ಕರಗಿತು. ಈ ಪ್ರಬಂಧಕ್ಕೆ 1997ರದಕ್ಕೆ ಸಿಕ್ಕ ಪ್ರಚಾರ ಸಿಗಲಿಲ್ಲ.

ದೈತ್ಯನ ನಂತರ ‘ಮಹಾದೈತ್ಯ’ ಬರಲೇಬೇಕಲ್ಲ! 2004ರಲ್ಲಿ ಮ್ಯಾಂಗನೀಸ್-ಆರ್ಸೆನಿಕ್ ಸಂಯುಕ್ತವನ್ನು ಒತ್ತಡದಲ್ಲಿಟ್ಟು ಅಳೆದು 267 ಜೂಲ್ ಎಂಬ ಅಂಕಿಯನ್ನು ಪ್ರಕಟಿಸಿದರು. ಇದು ವಿರಳ ಭಸ್ಮದ್ದಲ್ಲ, ಆದರೂ ಈ ಓಟದ ಸ್ವಭಾವ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ಸಂಯುಕ್ತದಲ್ಲಿರುವ ಪುಟ್ಟ ಅಯಸ್ಕಾಂತಗಳನ್ನು ಪೂರ್ತಿ ಚದುರಿಸಿ ಪೂರ್ತಿ ಸಾಲಿಗೆ ನಿಲ್ಲಿಸಿದರೂ ಸಿಗಬಹುದಾದ ಕಾಂತೀಯ ಎಂಟ್ರೊಪಿ ಸುಮಾರು 103 ಜೂಲ್. ಕಾಗದ ಪೆನ್ಸಿಲ್ ಇದ್ದರೆ ಯಾರಾದರೂ ಮಾಡಬಹುದಾದ ಲೆಕ್ಕ. ಮಿತಿಯ ಎರಡೂವರೆ ಪಟ್ಟು ಹೇಗೆ ಬಂತು? ಉಳಿದದ್ದನ್ನು ಸ್ಫಟಿಕದ ಕಂಪನ ಕೊಟ್ಟಿತು ಎಂದು ಮೊದಲು ವಿವರಿಸಿದರು. ನಿಜ ಕಾರಣ ಸರಳ. ಎಂಟ್ರೊಪಿಯನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಕಾಂತತೆಯನ್ನು ಅಳೆದು ಮ್ಯಾಕ್ಸ್‌ವೆಲ್ ಸಮೀಕರಣದ ಮೂಲಕ ಲೆಕ್ಕ ಹಾಕುತ್ತಾರೆ. ಹಳೆಯ ಸ್ಥಿತಿ, ಹೊಸ ಸ್ಥಿತಿ ಎರಡೂ ಒಂದೇ ಚೂರಿನೊಳಗೆ ಬೆರೆತು ಕೂತಿರುವಾಗ ಆ ಸಮೀಕರಣವನ್ನು ಕಣ್ಣುಮುಚ್ಚಿ ಹಾಕಿದರೆ ಇಲ್ಲದ ಶಿಖರ ಹುಟ್ಟುತ್ತದೆ. ಇದನ್ನು ಬೇರೆಯವರು ಕೆಲವೇ ವರ್ಷಗಳಲ್ಲಿ ತೋರಿಸಿಕೊಟ್ಟರು. ಅಷ್ಟರಲ್ಲಿ ಎಷ್ಟೋ ಮಿಶ್ರಲೋಹಗಳು ಅದೇ ಲೆಕ್ಕದ ಬಲದಿಂದ ಪಟ್ಟಿಯ ಮೇಲ್ತುದಿಗೆ ಏರಿ ಕೂತಿದ್ದವು.

ಲೆಕ್ಕ ಸರಿಯಿದ್ದರೂ ಅಳತೆಗೋಲೇ ಸರಿಯಿಲ್ಲ. ಎಂಟ್ರೊಪಿ ಶಿಖರದ ಎತ್ತರ ನೋಡಿ ಫ್ರಿಜ್‌ನ ಶಕ್ತಿ ಹೇಳುವುದು ಹೋರಿಯ ಕೊಂಬಿನ ಉದ್ದ ನೋಡಿ ಉಳುಮೆಯ ಬಲ ಹೇಳಿದಂತೆ. ದೈತ್ಯ ಲೋಹಗಳ ಶಿಖರ ಎತ್ತರ, ಆದರೆ ಸೂಜಿಮೊನೆಯಷ್ಟು ಸಪೂರ. ಕೆಲವೇ ಡಿಗ್ರಿ ಅತ್ತಿತ್ತ ಸರಿದರೆ ಪರಿಣಾಮ ಮಾಯ. ಹಾಗಾಗಿ ಹಾಸಿನುದ್ದಕ್ಕೂ ಒಂದೊಂದು ತಾಪಮಾನಕ್ಕೆ ಹದ ಮಾಡಿದ ಹತ್ತಾರು ಮಿಶ್ರಲೋಹಗಳನ್ನು ಪದರ ಪದರವಾಗಿ ಜೋಡಿಸಬೇಕಾಗುತ್ತದೆ. ಲ್ಯಾಂಥನಂ-ಕಬ್ಬಿಣ-ಸಿಲಿಕಾನ್ ಕುಟುಂಬದ ಲೋಹಗಳು ಅಗ್ಗ, ಅಂಕಿಯೂ ಚೆನ್ನ. ಆದರೆ ಬದಲಾವಣೆಯಾದಾಗಲೆಲ್ಲ ಅವುಗಳ ಗಾತ್ರ ಶೇ 1ಕ್ಕೂ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ದಿನಕ್ಕೆ ಲಕ್ಷ ಸಲ ಹಿಗ್ಗಿ ಕುಗ್ಗಿದ ಪೆಡಸು ಲೋಹ ಬಿರುಕು ಬಿಟ್ಟು ಪುಡಿಯಾಗದೆ ಇನ್ನೇನಾದೀತು? ಬಡಪಾಯಿ ಗ್ಯಾಡೊಲಿನಿಯಂನ ಶಿಖರ ಕುಳ್ಳು, ಆದರೆ ಹತ್ತಾರು ಡಿಗ್ರಿ ಅಗಲ. ಹಿಸ್ಟರಿಸಿಸ್ ಇಲ್ಲವೆನ್ನುವಷ್ಟು ಕಡಿಮೆ. ಬಗ್ಗಿಸಬಹುದು, ತಗಡು ಮಾಡಬಹುದು. ಇಷ್ಟು ವರ್ಷಗಳ ನಂತರವೂ ಯಂತ್ರ ಕಟ್ಟುವವರು ಮೊದಲ ಪರೀಕ್ಷೆಗೆ ಕೈ ಹಾಕುವುದು ಇದಕ್ಕೇ.

ಇಷ್ಟೆಲ್ಲ ಸರಿಪಡಿಸಬಹುದಾದ ತೊಡಕುಗಳು ಎಂದು ಯಾರಾದರೂ ಅಂದಾರು. ನನ್ನ ಮುಖ್ಯ ಆಕ್ಷೇಪ ಸರಿಪಡಿಸಲಾಗದ ಒಂದು ಅಂಕಿಯ ಮೇಲೆ ನಿಂತಿದೆ. ಒಂದು ಟೆಸ್ಲಾ ಕ್ಷೇತ್ರವು ಗ್ಯಾಡೊಲಿನಿಯಂನ ಒಂದು ಪರಮಾಣುವನ್ನು ಎಷ್ಟು ಬಲವಾಗಿ ತಿರುಗಿಸಬಲ್ಲದು? ಶಾಖದ ಭಾಷೆಯಲ್ಲಿ ಹೇಳಿದರೆ ಸುಮಾರು 5 ಕೆಲ್ವಿನ್‌ನಷ್ಟು. ಕೋಣೆಯ ಉಷ್ಣತೆ ಅದೇ ಪರಮಾಣುವನ್ನು ಅಲ್ಲಾಡಿಸುತ್ತಿರುವುದು 300 ಕೆಲ್ವಿನ್ ಬಲದಿಂದ. ಒಂದಕ್ಕೆ ಅರವತ್ತು. ಅಕ್ಕಪಕ್ಕದ ಪರಮಾಣುಗಳು ಪರಸ್ಪರ ಕೈಹಿಡಿಯುವ ಕ್ಯೂರಿ ಗಡಿಯಲ್ಲಿ ಮಾತ್ರ ಕ್ಷೇತ್ರದ ಮಾತು ಒಂದಿಷ್ಟು ನಡೆಯುತ್ತದೆ, ಅದಕ್ಕೇ ಎಲ್ಲರೂ ಆ ಗಡಿಯಲ್ಲಿ ಗುಂಪುಗೂಡಿದ್ದಾರೆ. ಗ್ಯಾಡೊಲಿನಿಯಂನೊಳಗೆ ಅಡಗಿರುವ ಕಾಂತೀಯ ಎಂಟ್ರೊಪಿ ಕೆಜಿಗೆ 110 ಜೂಲ್. ಒಂದು ಟೆಸ್ಲಾ ಅದರಿಂದ ಕಿತ್ತುಕೊಳ್ಳುವುದು 3, ಅಂದರೆ ಶೇ 3ಕ್ಕೂ ಕಡಿಮೆ. ಸಾಲದ್ದಕ್ಕೆ ಕೋಣೆಯ ಉಷ್ಣತೆಯಲ್ಲಿ ಸ್ಫಟಿಕದ ಕಂಪನಕ್ಕೆ ಶಾಖ ಹೀರುವ ಶಕ್ತಿ ತುಂಬಿ ತುಳುಕುತ್ತಿರುತ್ತದೆ. ಅಷ್ಟೂ ಪರಮಾಣುಗಳನ್ನು ಬಿಸಿ ಮಾಡುವ, ತಣಿಸುವ ಹೊರೆಯನ್ನು ಈ ಮೂರು ಜೂಲೇ ಹೊರಬೇಕು.

ಇದರ ಎದುರಾಳಿಯನ್ನು ನೋಡಿ. ಈಗಿನ ಮನೆ ಫ್ರಿಜ್‌ಗಳಲ್ಲಿರುವ ಐಸೊಬ್ಯೂಟೇನ್ ಒಂದು ಕೆಜಿ ಆವಿಯಾದರೆ ಸುಮಾರು 350 ಕಿಲೊಜೂಲ್ ಶಾಖ ಹೀರುತ್ತದೆ. ಒಂದು ಕೆಜಿ ಗ್ಯಾಡೊಲಿನಿಯಂ ಒಂದು ಟೆಸ್ಲಾದ ಒಂದು ಸುತ್ತಿಗೆ ಹೀರುವುದು, ಎಲ್ಲವೂ ಆದರ್ಶವಾಗಿ ನಡೆದರೆ, ಒಂದು ಕಿಲೊಜೂಲ್‌ಗೂ ಕಡಿಮೆ. ಕೆಜಿಗೆ ಕೆಜಿ ಇಟ್ಟು ನೋಡಿದರೆ ನಾನೂರು ಪಟ್ಟು ಅಂತರ. ಈ ಕೊರತೆಯನ್ನು ತುಂಬಲು ಚಕ್ರವನ್ನು ವೇಗವಾಗಿ ತಿರುಗಿಸಬೇಕು. ವೇಗ ಹೆಚ್ಚಿಸಿದರೆ ಲೋಹದಿಂದ ನೀರಿಗೆ ಶಾಖ ದಾಟಲು ಪುರುಸೊತ್ತು ಸಿಗುವುದಿಲ್ಲ, ಕಿರಿದಾದ ಸಂದಿಗಳಲ್ಲಿ ನೀರು ನೂಕುವ ಪಂಪಿಗೆ ಹೆಚ್ಚು ವಿದ್ಯುತ್ ಬೇಕು, ಲೋಹದೊಳಗೆ ಸುಳಿ ವಿದ್ಯುತ್ ಹುಟ್ಟಿ ಮತ್ತೆ ಬಿಸಿ. ಎಂಟ್ರೊಪಿ 3ರಿಂದ 6ಕ್ಕೆ ಏರಿದರೂ ನಾನೂರು ಇನ್ನೂರಾಗುತ್ತದೆ, ಅಷ್ಟೇ.

ಪ್ರತಿವಾದಿಗಳ ಬಳಿ ಒಂದು ಗಟ್ಟಿ ಪುರಾವೆ ಇದೆ, ಅದನ್ನು ಮುಚ್ಚಿಡಬಾರದು. ಅಮೆರಿಕದ ಆಸ್ಟ್ರೊನಾಟಿಕ್ಸ್ ಕಂಪನಿ ಮತ್ತು ಏಮ್ಸ್ ಸೇರಿ ಕಟ್ಟಿದ ಯಂತ್ರ 600 ವಾಟ್ ತಂಪು ಕೊಟ್ಟು, ಯಾವ ಯಂತ್ರವೂ ಮೀರಲಾರದ ಕಾರ್ನೊ ಮಿತಿಯ ಶೇ 60ರ ಹತ್ತಿರ ದಕ್ಷತೆ ತೋರಿಸಿತು ಎಂದು 1998ರಲ್ಲಿ ಝಿಮ್ ತಂಡ ಪ್ರಕಟಿಸಿತು. ಸಾಮಾನ್ಯ ಫ್ರಿಜ್‌ಗಳು ಇದರ ಹತ್ತಿರವೂ ಬರುವುದಿಲ್ಲ. ಇವತ್ತಿಗೂ ಎಲ್ಲರೂ ಎತ್ತಿ ಹೇಳುವ ಅಂಕಿ ಇದೇ. ಆ ಯಂತ್ರದ ಕ್ಷೇತ್ರ 5 ಟೆಸ್ಲಾ, ಕೊಡುತ್ತಿದ್ದದ್ದು ಸೂಪರ್‌ಕಂಡಕ್ಟಿಂಗ್ ಅಯಸ್ಕಾಂತ, ಅದು ಮುಳುಗಿದ್ದದ್ದು ದ್ರವ ಹೀಲಿಯಂನಲ್ಲಿ. ಕೋಣೆಯ ಉಷ್ಣತೆಯಲ್ಲಿ ತಂಪು ಮಾಡಲು ಮೊದಲು ಮೈನಸ್ 269 ಡಿಗ್ರಿಯ ತಂಪು ಬೇಕು! ಇನ್ನೊಂದು ತಮಾಷೆ ಗಮನಿಸಿ: ಅದರೊಳಗಿದ್ದ ಲೋಹ ಯಾವ ದೈತ್ಯನೂ ಅಲ್ಲ, ಬರೀ ಗ್ಯಾಡೊಲಿನಿಯಂ.

ಶಾಶ್ವತ ಅಯಸ್ಕಾಂತಕ್ಕೆ ಇಳಿದಾಗಿನ ಚಿತ್ರ ಬೇರೆ. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದವರು 2.8 ಕೆಜಿ ಗ್ಯಾಡೊಲಿನಿಯಂ ಹಾಕಿ ಕಟ್ಟಿದ ತಿರುಗು ಯಂತ್ರದ ಫಲಿತಾಂಶಗಳನ್ನು 2012ರಲ್ಲಿ ಪ್ರಕಟಿಸಿದರು. ಗರಿಷ್ಠ ತಂಪು 1010 ವಾಟ್, ಗರಿಷ್ಠ ಅಂತರ 25.4 ಡಿಗ್ರಿ. ಪ್ರಾಮಾಣಿಕ, ಅಚ್ಚುಕಟ್ಟಾದ ಕೆಲಸ. ಆದರೆ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಓದಿದವರಿಗೆ ಎರಡೂ ಒಟ್ಟಿಗೆ ಸಿಗುತ್ತವೆ ಎನಿಸುತ್ತದೆ. 1010 ವಾಟ್ ಸಿಗುವುದು ಎರಡು ತುದಿಗಳ ಉಷ್ಣತೆಯಲ್ಲಿ ಅಂತರವೇ ಇಲ್ಲದಾಗ. 25.4 ಡಿಗ್ರಿ ಸಿಗುವುದು ಒಂದು ವಾಟ್ ಕೆಲಸವನ್ನೂ ಮಾಡದಿದ್ದಾಗ. ಫ್ರಿಜ್‌ಗೆ ಬೇಕಾದದ್ದು ಎರಡೂ, ಅದೂ ಏಕಕಾಲಕ್ಕೆ. ಏಪ್ರಿಲ್-ಮೇ ತಿಂಗಳ ರಾಯಚೂರಿನ ಅಡುಗೆಮನೆಯಲ್ಲಿ ಹೊರಗೆ 42 ಡಿಗ್ರಿ, ಫ್ರೀಜರ್ ಒಳಗೆ ಮೈನಸ್ 18. ಅರವತ್ತು ಡಿಗ್ರಿಯ ಅಂತರದಲ್ಲಿ ಹೊರೆ ಎಳೆಯಬೇಕು. 2015ರಲ್ಲಿ ಹೈಯರ್, ಬಿಎಎಸ್‌ಎಫ್, ಆಸ್ಟ್ರೊನಾಟಿಕ್ಸ್ ಮೂರೂ ಸೇರಿ ಅಮೆರಿಕದ ಪ್ರದರ್ಶನವೊಂದರಲ್ಲಿ ತೋರಿಸಿದ್ದು ವೈನ್ ಬಾಟಲಿ ತಂಪಾಗಿಡುವ ಪೆಟ್ಟಿಗೆ. ವೈನ್‌ಗೆ ಹತ್ತು-ಹನ್ನೆರಡು ಡಿಗ್ರಿ ಸಾಕು, ಐಸ್ ಕಟ್ಟಬೇಕಿಲ್ಲ. ಆಯ್ಕೆ ಜಾಣತನದ್ದು.

ಪರಿಸರದ ವಾದವೊಂದು ಉಳಿಯಿತು. ಗ್ಯಾಸ್ ಭೂಮಿಯನ್ನು ಬಿಸಿ ಮಾಡುತ್ತದೆ, ಅಯಸ್ಕಾಂತ ಮಾಡುವುದಿಲ್ಲ ಎನ್ನುತ್ತಾರೆ. ಮನೆ ಫ್ರಿಜ್ ಮಟ್ಟಿಗೆ ಈ ವಾದದ ಕಾಲ ಕಳೆದಿದೆ. ಐಸೊಬ್ಯೂಟೇನ್‌ನ ತಾಪಕಾರಕ ಗುಣ ಅತ್ಯಲ್ಪ. ಎ.ಸಿ.ಗಳಲ್ಲಿ ತುಂಬುವ ಗ್ಯಾಸ್ ನಿಜಕ್ಕೂ ತೊಂದರೆಯದ್ದು. ಆರ್-410ಎ ಇಂಗಾಲದ ಡೈಆಕ್ಸೈಡ್‌ನ ಎರಡು ಸಾವಿರ ಪಟ್ಟು, ಆರ್-32 ಆರುನೂರಕ್ಕೂ ಹೆಚ್ಚು ಪಟ್ಟು. ಕಿಗಾಲಿ ಒಪ್ಪಂದದ ಪ್ರಕಾರ ಭಾರತ 2032ರಿಂದ ಇವನ್ನು ಹಂತಹಂತವಾಗಿ ಇಳಿಸಬೇಕು. ಆದರೆ ಎ.ಸಿ.ಗೆ ಬೇಕಾದ ಸಾವಿರಾರು ವಾಟ್‌ಗಳನ್ನು ಕಾಂತ ಯಂತ್ರ ಕೊಡಬೇಕಾದರೆ ಎಷ್ಟು ನಿಯೋಡಿಮಿಯಂ ಅಯಸ್ಕಾಂತ ಬೇಕು ಎಂದು ಯಾರೂ ಹೇಳುವುದಿಲ್ಲ. ತಂಪು ಕೊಡುವ ಲೋಹಕ್ಕಿಂತ ಹಲವು ಪಟ್ಟು ತೂಕದ ಅಯಸ್ಕಾಂತ ಅದರ ಸುತ್ತ ಇರಬೇಕು, ಖರ್ಚಿನ ದೊಡ್ಡ ಪಾಲೂ ಅದೇ. ಆ ಧಾತುಗಳ ಗಣಿ-ಶುದ್ಧೀಕರಣದಿಂದ ಹಾಳಾಗುವ ನೆಲ-ನೀರಿನ ಲೆಕ್ಕವೂ ‘ಹಸಿರು ಫ್ರಿಜ್’ ಎಂಬ ಹಣೆಪಟ್ಟಿಯಲ್ಲಿ ಸೇರುವುದಿಲ್ಲ.

ಹಾಗಾದರೆ ಈ ಮಿಶ್ರಲೋಹಗಳು ಯಾವ ಕೆಲಸಕ್ಕೆ? ಮೇಲೆ ಹೇಳಿದ 5 ಕೆಲ್ವಿನ್ ಅಂಕಿಯನ್ನೇ ಮತ್ತೆ ಹಿಡಿಯಿರಿ. 300 ಕೆಲ್ವಿನ್ ಎದುರು ಸೋಲುವ ಕ್ಷೇತ್ರ 4 ಕೆಲ್ವಿನ್ ಎದುರು ಯಜಮಾನ. ಅಷ್ಟು ಚಳಿಯಲ್ಲಿ ಸ್ಫಟಿಕದ ಕಂಪನ ಹೆಚ್ಚುಕಡಿಮೆ ನಿಂತುಹೋಗಿರುತ್ತದೆ, ಶಾಖ ಹೀರುವ ಪಾಲುದಾರನಿರುವುದಿಲ್ಲ. ಎದುರಾಳಿ ಅನಿಲಗಳೂ ಕಣದಲ್ಲಿಲ್ಲ. ಹೀಲಿಯಂ ಒಂದನ್ನು ಬಿಟ್ಟು ಉಳಿದೆಲ್ಲವೂ ಹೆಪ್ಪುಗಟ್ಟಿ ಕಲ್ಲಾಗಿರುತ್ತವೆ. ಇದನ್ನು ಡಿಬೈ, ಜಿಯೋಕ್ ಎಂಬ ವಿಜ್ಞಾನಿಗಳಿಬ್ಬರೂ 1920ರ ದಶಕದಲ್ಲೇ ಕಂಡಿದ್ದರು. ಜಿಯೋಕ್ ಮತ್ತು ಮ್ಯಾಕ್‌ಡೂಗಲ್ 1933ರಲ್ಲಿ 61 ಗ್ರಾಂ ಗ್ಯಾಡೊಲಿನಿಯಂ ಸಲ್ಫೇಟನ್ನು 1.5 ಕೆಲ್ವಿನ್‌ನಿಂದ 0.25 ಕೆಲ್ವಿನ್‌ಗೆ ಇಳಿಸಿದರು. ಅವರ ಕ್ಷೇತ್ರ 0.8 ಟೆಸ್ಲಾ, ನಾವು ಫ್ರಿಜ್‌ಗೆ ಸಾಲದು ಎಂದು ಗೊಣಗುವ ಕ್ಷೇತ್ರ. 2023ರಲ್ಲಿ ಜಪಾನ್ ಹಾರಿಸಿದ ಎಕ್ಸ್‌ಆರ್‌ಐಎಸ್‌ಎಂ ಉಪಗ್ರಹದ ಕ್ಷ-ಕಿರಣ ಪತ್ತೆಯಂತ್ರ 0.05 ಕೆಲ್ವಿನ್‌ನಲ್ಲಿ ಕೆಲಸ ಮಾಡುವುದು ಇದೇ ಉಪಾಯದಿಂದ. ಅದರ ಒಂದು ಹಂತದಲ್ಲಿ ಗ್ಯಾಡೊಲಿನಿಯಂ-ಲಿಥಿಯಂ ಫ್ಲೋರೈಡ್ ಇದೆ.

ಮಿಶ್ರಲೋಹಗಳದೇ ಉದಾಹರಣೆ ಬೇಕೆಂದರೆ ಆಕಾಶಕ್ಕೆ ಹೋಗಬೇಕಿಲ್ಲ, ಹತ್ತಿರದ ಎಂಆರ್‌ಐ ಕೇಂದ್ರಕ್ಕೆ ಹೋದರೆ ಸಾಕು. ಸ್ಕ್ಯಾನ್ ನಡೆಯದಿರುವಾಗಲೂ ಆ ಕೋಣೆಯಿಂದ ಚಿಕ್-ಚಿಕ್ ಎಂದು ತಾಳ ಹಾಕಿದಂಥ ಸದ್ದು ಕೇಳುತ್ತಿರುತ್ತದೆ. ಅದು ಯಂತ್ರದ ತಲೆಯ ಮೇಲಿರುವ ಶೀತಕದ ಉಸಿರಾಟ. ಅಯಸ್ಕಾಂತದ ಸುತ್ತಲಿನ ದ್ರವ ಹೀಲಿಯಂ ಆವಿಯಾಗಿ ಹಾರಿಹೋಗದಂತೆ ಅದು 4 ಕೆಲ್ವಿನ್‌ಗೆ ತಣಿಸುತ್ತದೆ. ಇಂಥ ಶೀತಕದೊಳಗೆ ಹೀಲಿಯಂ ಅನಿಲ ಹಿಂದೆ ಮುಂದೆ ಓಡಾಡುವಾಗ ಶಾಖವನ್ನು ಗಳಿಗೆ ಮಟ್ಟಿಗೆ ಇರಿಸಿಕೊಂಡು ವಾಪಸು ಕೊಡುವ ಪುಟ್ಟ ಗುಂಡುಗಳ ಹಾಸು ಇರುತ್ತದೆ. ಹಿಂದೆ ಅದಕ್ಕೆ ಸೀಸದ ಗುಂಡು ಬಳಸುತ್ತಿದ್ದರು. 10 ಕೆಲ್ವಿನ್ ಕೆಳಗೆ ಸೀಸದ ಶಾಖಧಾರಣೆ ಕುಸಿದುಬೀಳುತ್ತದೆ, ಯಂತ್ರ ಅಲ್ಲಿಗೇ ನಿಂತುಬಿಡುತ್ತಿತ್ತು. ಹಾಗಾಗಿ ಆಸ್ಪತ್ರೆಗಳು ಆಗಾಗ ಹೀಲಿಯಂ ತುಂಬಿಸಬೇಕಿತ್ತು. ಎರ್ಬಿಯಂ-ನಿಕ್ಕಲ್, ಹೋಲ್ಮಿಯಂ-ತಾಮ್ರ ಮಿಶ್ರಲೋಹಗಳು ಸರಿಯಾಗಿ 7-10 ಕೆಲ್ವಿನ್ ಸುಮಾರಿಗೆ ಕಾಂತೀಯ ಕ್ರಮಕ್ಕೆ ಬರುತ್ತವೆ, ಆ ಗಡಿಯಲ್ಲಿ ಅವುಗಳ ಶಾಖಧಾರಣೆ ಸೀಸದ ಹಲವು ಪಟ್ಟು. ಒಂದು ಮಿಲಿಮೀಟರ್‌ಗೂ ಸಣ್ಣ ಗುಂಡುಗಳಾಗಿ ಇವನ್ನು ತುಂಬಿದ ಮೇಲೆ 4 ಕೆಲ್ವಿನ್ ಕೈಗೆ ಸಿಕ್ಕಿತು. ಇಲ್ಲಿ ದೈತ್ಯ ಅಂಕಿಯಿಲ್ಲ, ಹೊರಗಿನ ಕಾಂತಕ್ಷೇತ್ರದ ಹಂಗೂ ಇಲ್ಲ. ವಿರಳ ಭಸ್ಮ ಮಿಶ್ರಲೋಹದ ಕಾಂತೀಯ ಗುಣ ಶೈತ್ಯೀಕರಣಕ್ಕೆ ಕೊಟ್ಟ ಅತಿ ದೊಡ್ಡ ಕೊಡುಗೆ ಇದು ಎಂದು ನನ್ನ ಅಭಿಪ್ರಾಯ. ಯಾವ ವಿಜ್ಞಾನ ಪುಟದಲ್ಲೂ ಇದು ಶೀರ್ಷಿಕೆಯಾದದ್ದು ನಾನು ಕಂಡಿಲ್ಲ.

ನಡುವಿನ ಪ್ರದೇಶವೊಂದಿದೆ, 20 ಕೆಲ್ವಿನ್‌ನದು. ಜಲಜನಕ ದ್ರವವಾಗುವುದು ಅಲ್ಲಿ. ಒಂದು ಕೆಜಿ ಜಲಜನಕವನ್ನು ದ್ರವ ಮಾಡಲು ಈಗಿನ ಸ್ಥಾವರಗಳಿಗೆ 10 ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಆ ಒಂದು ಕೆಜಿಯೊಳಗಿರುವ ಶಕ್ತಿಯೇ 33 ಯೂನಿಟ್. ಮೂರನೇ ಒಂದು ಭಾಗ ತಂಪು ಮಾಡುವುದಕ್ಕೇ ಹೋಯಿತು. ಇಲ್ಲಿ ಕಾಂತ ವಿಧಾನಕ್ಕೆ ನಿಜವಾದ ಅವಕಾಶವಿದೆ. ಅಲ್ಯೂಮಿನಿಯಂ ಜೊತೆಗೂಡಿದ ಗ್ಯಾಡೊಲಿನಿಯಂ ಸುಮಾರು 170 ಕೆಲ್ವಿನ್‌ನಲ್ಲಿ, ಡಿಸ್ಪ್ರೋಸಿಯಂ 60ರ ಹತ್ತಿರ, ಹೋಲ್ಮಿಯಂ 30ರ ಹತ್ತಿರ, ಎರ್ಬಿಯಂ 13ರ ಹತ್ತಿರ ಕಾಂತವಾಗುತ್ತವೆ. ಬೇಕಾದ ಪ್ರಮಾಣದಲ್ಲಿ ಬೆರೆಸಿ ಇಡೀ ಇಳಿಜಾರಿಗೆ ಮೆಟ್ಟಿಲು ಕಟ್ಟಬಹುದು. 2020ರಲ್ಲಿ ಜಪಾನಿನ ತ್ಸುಕುಬಾದ ಸಂಶೋಧಕರು ಕಂಪ್ಯೂಟರ್ ಕಲಿಕೆಯ ನೆರವಿನಿಂದ ಹೋಲ್ಮಿಯಂ-ಬೋರಾನ್ ಸಂಯುಕ್ತವನ್ನು ಹುಡುಕಿ ತೆಗೆದರು. 15 ಕೆಲ್ವಿನ್‌ನಲ್ಲಿ 5 ಟೆಸ್ಲಾಕ್ಕೆ 40 ಜೂಲ್. ದೊಡ್ಡ ಸ್ಥಾವರದಲ್ಲಿ ಸೂಪರ್‌ಕಂಡಕ್ಟಿಂಗ್ ಅಯಸ್ಕಾಂತ ಇಡುವುದು ಅಡುಗೆಮನೆಯಲ್ಲಿ ಇಟ್ಟಂತೆ ಹಾಸ್ಯಾಸ್ಪದವೇನಲ್ಲ. ಹೋಲ್ಮಿಯಂ ಅಪರೂಪ, ದುಬಾರಿ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ.

ನಮ್ಮ ದೇಶದ ದೃಷ್ಟಿಯಿಂದಲೂ ಈ ವ್ಯತ್ಯಾಸ ಮುಖ್ಯ. ಕೇರಳ, ತಮಿಳುನಾಡು, ಒಡಿಶಾ ಕರಾವಳಿಯ ಮೋನಜೈಟ್ ಮರಳಿನಲ್ಲಿ ಲ್ಯಾಂಥನಂ, ಸೀರಿಯಂ, ನಿಯೋಡಿಮಿಯಂನಂಥ ಹಗುರ ಧಾತುಗಳು ಹೆಚ್ಚು. ಡಿಸ್ಪ್ರೋಸಿಯಂ, ಹೋಲ್ಮಿಯಂ, ಎರ್ಬಿಯಂ ತೀರಾ ಕಡಿಮೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಧಾತುಗಳ ರಫ್ತಿಗೆ ಕಡಿವಾಣ ಹಾಕಿದಾಗ ಆ ಪಟ್ಟಿಯಲ್ಲಿ ಗ್ಯಾಡೊಲಿನಿಯಂ, ಡಿಸ್ಪ್ರೋಸಿಯಂ ಎರಡೂ ಇದ್ದವು. ಹೀಗೆ ಕೈಗೆ ಸಿಗುವುದೇ ಕಷ್ಟವಾದ ಲೋಹವನ್ನು, ಐವತ್ತು-ಅರವತ್ತು ಗ್ರಾಂ ಅಗ್ಗದ ಗ್ಯಾಸ್ ಚೆನ್ನಾಗಿ ಮಾಡುತ್ತಿರುವ ಕೆಲಸಕ್ಕೆ ಕಿಲೊಗಟ್ಟಲೆ ಸುರಿಯಬೇಕೇ? 2023ರಲ್ಲಿ 19,744 ಕೋಟಿ ರೂಪಾಯಿಯ ಹಸಿರು ಜಲಜನಕ ಅಭಿಯಾನ ಘೋಷಿಸಿದ ದೇಶ ತನ್ನ ಕಾಂತ-ಉಷ್ಣ ಸಂಶೋಧನೆಯ ಹಣವನ್ನು 20 ಕೆಲ್ವಿನ್ ಕಡೆಗೆ ತಿರುಗಿಸುವುದು ನ್ಯಾಯ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ಮೇಲೆ ಪಿಎಚ್‌.ಡಿ. ಮಾಡುವವರು ‘ಕೋಣೆಯ ಉಷ್ಣತೆಯ ಫ್ರಿಜ್‌ಗೆ ಉಪಯುಕ್ತ’ ಎಂಬ ಸಾಲನ್ನು ಬರೆಯುವ ಮುನ್ನ ಒಂದು ಟೆಸ್ಲಾದಲ್ಲಿ, ಹತ್ತು ಸಾವಿರ ಸುತ್ತಿನ ನಂತರ, ಹೊರೆ ಹೊತ್ತಾಗ ತಮ್ಮ ಲೋಹ ಎಷ್ಟು ತಂಪು ಕೊಟ್ಟಿತು ಎಂದು ಬರೆಯಲಿ. ಅಷ್ಟು ಬರೆದ ಪ್ರಬಂಧ ಕಡಿಮೆ ಅಂಕಿ ತೋರಿಸಿದರೂ ಹೆಚ್ಚು ಬೆಲೆಯದ್ದು.

ಇನ್ನು ಹೊಸ ಫ್ರಿಜ್ ಕೊಳ್ಳಬೇಕೆಂದಿರುವ ಓದುಗರಿಗೆ ಹೇಳುವುದಿಷ್ಟೇ: ಅಯಸ್ಕಾಂತದ್ದು ಬರಲಿ ಎಂದು ಕಾಯಬೇಡಿ. ಐಸೊಬ್ಯೂಟೇನ್ ತುಂಬಿದ, ಇನ್ವರ್ಟರ್ ಕಂಪ್ರೆಸರ್ ಇರುವ, ಐದು ನಕ್ಷತ್ರದ ಫ್ರಿಜ್ ಕೊಳ್ಳಿ.